ಆರೋಗ್ಯ ಪ್ರಶ್ನೋತ್ತರ: ಗಣಿಯಲ್ಲಿ ಎಚ್‌ಐವಿ ಪರೀಕ್ಷೆ

ಪ್ರಶ್ನೆ: ನಮ್ಮ ಕಬ್ಬಿಣದ ಅದಿರಿನ ಗಣಿಯಲ್ಲಿ ಪ್ರತಿ ಡಿಸೆಂಬರ್ 1ಕ್ಕೆ ಎಚ್‌ಐವಿ ಕುರಿತು ಭಾಷಣ ಇಡಿಸುತ್ತೇವೆ. ಪರೀಕ್ಷೆಗೆ ಮಾತ್ರ ಯಾರೂ ಬರುವುದಿಲ್ಲ. ಕಡ್ಡಾಯ ವೈದ್ಯಕೀಯ ತಪಾಸಣೆಯ ರಕ್ತದಲ್ಲೇ ಇದನ್ನೂ ನೋಡಿಬಿಡಬಹುದೇ?
– ಸುರಕ್ಷತಾ ವಿಭಾಗದ ಓದುಗರು, ಸಂಡೂರು

ಉತ್ತರ: ಖಂಡಿತ ಬೇಡ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ, ವಿಷಯ ತಿಳಿಸಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ. ಕೆಲಸ ಕೊಡಲು ಅದನ್ನು ಷರತ್ತಾಗಿಸುವಂತೆಯೂ ಇಲ್ಲ. ಜನ ಹಿಂಜರಿಯುವುದು ಸೂಜಿಗಲ್ಲ, ವರದಿ ಮೇಸ್ತ್ರಿಯ ಕಿವಿಗೆ ಬಿದ್ದೀತೆಂಬ ಅಳುಕಿಗೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಆಪ್ತಸಮಾಲೋಚನೆ ಮತ್ತು ಪರೀಕ್ಷಾ) ಕೇಂದ್ರದ ದಾರಿ ತೋರಿಸಿ, ಅಷ್ಟಕ್ಕೆ ಕೈಬಿಡಿ. ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. ಯಾರು ಹೋದರು ಎಂಬ ಪಟ್ಟಿ ನಿಮ್ಮಲ್ಲಿ ಇರಲೇಕೂಡದು. 100 ಅಥವಾ ಹೆಚ್ಚು ಜನರಿರುವ ಸಂಸ್ಥೆಗೆ ಕಾಯ್ದೆ ಕೇಳುವ ದೂರು ಅಧಿಕಾರಿಯ ಹೆಸರನ್ನು ನೋಟಿಸ್ ಬೋರ್ಡಿಗೆ ಹಾಕಿ.

ವರ್ಷಕ್ಕೊಂದು ಭಾಷಣದ ಬದಲು ಪಾಳಿ ಶುರುವಾಗುವ ಮುನ್ನ ಹತ್ತು ನಿಮಿಷ, ಒಂದು ದಿನಕ್ಕೆ ಒಂದೇ ವಿಷಯ. ಊಟದ ಡಬ್ಬಿ, ಹೆಲ್ಮೆಟ್, ಸೊಳ್ಳೆಯಿಂದ ಬರುವುದಿಲ್ಲ ಎಂಬುದಕ್ಕೆ ಎರಡು ಮಾತು ಸಾಕು. ಲಾರಿಯವರಿಗೆ ಕಾಂಡೋಮ್ ಬಗ್ಗೆ ಬಿಡಿಸಿ ಹೇಳಿ: ಡ್ಯಾಶ್‌ಬೋರ್ಡ್ ಮೇಲಿನ ಬಿಸಿಲಿಗೆ ರಬ್ಬರ್ ಬಲ ಕಳೆದುಕೊಳ್ಳುತ್ತದೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಹರಿಯುತ್ತದೆ. ಕಾಂಡೋಮ್ ಡಬ್ಬವನ್ನು ಗೇಟಿನ ಸೆಕ್ಯುರಿಟಿ ಮೇಜಿನ ಮೇಲಿಟ್ಟರೆ ಯಾರೂ ಮುಟ್ಟುವುದಿಲ್ಲ, ಶೌಚಾಲಯದಲ್ಲಿಡಿ. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ನೆಗೆಟಿವ್ ಬರಬಹುದು, ಮೂರು ತಿಂಗಳಿಗೆ ಮತ್ತೊಮ್ಮೆ ಮಾಡಿಸಬೇಕು ಎಂಬುದನ್ನೂ ಬಿಡಬೇಡಿ.

ಧೂಳಿನ ಮಾತು ಬೇರೆ ದಿನಕ್ಕಿರಲಿ, ಆದರೆ ಆ ದಿನ ಎಚ್‌ಐವಿಯನ್ನೂ ಸೇರಿಸಿ ಹೇಳಿ. ಕಲ್ಲು ಕೊರೆಯುವಾಗ ಏಳುವ ಸಿಲಿಕಾ ಧೂಳೂ ಎಚ್‌ಐವಿಯೂ ಒಬ್ಬನಲ್ಲೇ ಕೂಡಿದರೆ ಕ್ಷಯದ ಅಪಾಯ ಹಲವು ಪಟ್ಟು ಏರುತ್ತದೆ. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕಂಡದ್ದು ಇದೇ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು.

ಎಆರ್‌ಟಿ, ಅಂದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಔಷಧಿ, ಸರ್ಕಾರದಿಂದ ಉಚಿತ, ಬಹುಮಂದಿಗೆ ದಿನಕ್ಕೊಂದೇ ಮಾತ್ರೆ. ತಪ್ಪುವುದು ಪಾಳಿ ಬದಲಾದಾಗ. ‘ರಾತ್ರಿ ಊಟದ ನಂತರ’ ಎಂದಿಟ್ಟುಕೊಂಡವರು ರಾತ್ರಿಪಾಳಿಯ ವಾರ ಮರೆಯುತ್ತಾರೆ. ಮೂರೂ ಪಾಳಿಯಲ್ಲಿ ಎಚ್ಚರವಿರುವ ಹೊತ್ತು, ರಾತ್ರಿ 9 ಗಂಟೆಯಂಥದ್ದು, ನೋಡಿ ಫೋನಿನಲ್ಲಿ ಅಲಾರಂ ಇಡಲಿ. ಔಷಧಿ ತರಲು ರಜೆ ಕೇಳಿದರೆ ಕಾರಣ ಕೆದಕಬೇಡಿ.

ಪ್ರಶ್ನೆ: ಗಾಯಾಳುವಿಗೆ ಪಟ್ಟಿ ಕಟ್ಟುವಾಗ ಅವರ ರಕ್ತ ನನ್ನ ಕೈಯ ತಾಜಾ ಗಾಯಕ್ಕೆ ತಾಗಿದರೆ?
– ಪ್ರಥಮ ಚಿಕಿತ್ಸಕರು, ತೋರಣಗಲ್ಲು

ಉತ್ತರ: ಹರಿಯುವ ನೀರು, ಸೋಪಿನಿಂದ ತೊಳೆಯಿರಿ. ಗಾಯ ಹಿಂಡಬೇಡಿ, ಸ್ಪಿರಿಟ್, ಬ್ಲೀಚಿಂಗ್ ಮುಟ್ಟಿಸಬೇಡಿ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಗತ್ಯವಿದ್ದರೆ 28 ದಿನದ ತಡೆ ಔಷಧಿ ಕೊಡುತ್ತಾರೆ. 2 ಗಂಟೆಯೊಳಗಾದರೆ ಉತ್ತಮ, 72 ಗಂಟೆ ಮೀರಿದರೆ ಪ್ರಯೋಜನವಿಲ್ಲ. ಗಾಯವಿಲ್ಲದ ಚರ್ಮಕ್ಕೆ ತಾಗಿದ್ದರೆ ಭಯ ಬೇಡ, ತೊಳೆದರಾಯಿತು.

ನೆಲಕ್ಕೆ ಬಿದ್ದ ರಕ್ತದ ಮೇಲೆ ಹಳೆ ಬಟ್ಟೆ ಹಾಸಿ, ಲೀಟರ್ ನೀರಿಗೆ ಸುಮಾರು 33 ಗ್ರಾಂ ಬ್ಲೀಚಿಂಗ್ ಪುಡಿ ಕದಡಿ ಸುರಿದು 20 ನಿಮಿಷ ಬಿಟ್ಟು ಒರೆಸಿ. ದ್ರಾವಣ ಆಯಾ ದಿನದ್ದೇ ಆಗಿರಲಿ, ಹಳತಾದರೆ ಕ್ಲೋರಿನ್ ಹಾರಿಹೋಗುತ್ತದೆ. ಪ್ರಥಮ ಚಿಕಿತ್ಸಾ ಪೆಟ್ಟಿಗೆಯ ಕೈಗವಸನ್ನು ಆಗಾಗ ಎಳೆದು ನೋಡಿ; ಗಣಿಯ ಬಿಸಿಲಲ್ಲಿಟ್ಟದ್ದು ಅಂಟಿಕೊಂಡು, ಹಾಕಿಕೊಳ್ಳುವಾಗಲೇ ಹರಿಯುತ್ತದೆ.