ಓದುಗರ ಪ್ರಶ್ನೆ: ಹೋಂಸ್ಟೇಯವರಿಗೆ ಇಂಟರ್ನೆಟ್ ಪ್ರಚಾರದ ಪಾಠ

ಪ್ರಶ್ನೆ: ನಂದಿ ಬೆಟ್ಟದ ತಪ್ಪಲಿನಲ್ಲಿ ಹೋಂಸ್ಟೇ, ದ್ರಾಕ್ಷಿ ತೋಟ, ಊಟದ ಮನೆ ನಡೆಸುವ 20 ಜನ ಸೇರಿ ಸಂಘ ಮಾಡಿಕೊಂಡಿದ್ದೇವೆ. ಒಂದೇ ದಿನದ ಕಾರ್ಯಾಗಾರದಲ್ಲಿ ಗೂಗಲ್, ಇನ್‌ಸ್ಟಾಗ್ರಾಂ, ವೆಬ್‌ಸೈಟ್ ಎಲ್ಲ ಕಲಿಸಬಹುದೇ?
— ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಎಲ್ಲವನ್ನೂ ತುರುಕಿದರೆ ಸಂಜೆಗೆ ಉಳಿಯುವುದು ಗ್ರೂಪ್ ಫೋಟೊ ಮಾತ್ರ. ವೆಬ್‌ಸೈಟ್ ಸದ್ಯಕ್ಕೆ ಬಿಡಿ. ಬೆಂಗಳೂರಿನಿಂದ ಹೊರಟವರು ಮೊದಲು ನೋಡುವುದು ಮ್ಯಾಪ್, ಆಮೇಲೆ ಮಾಡುವುದು ವಾಟ್ಸಾಪ್. ಇವೆರಡನ್ನೇ ಕಲಿಸಿ. ಹತ್ತತ್ತು ಜನರ ಎರಡು ತಂಡ ಮಾಡಿ, ಐದು ಜನಕ್ಕೊಬ್ಬ ಸಹಾಯಕ ಇರಲಿ. ಶನಿವಾರ, ಭಾನುವಾರ ಅತಿಥಿಗಳು ಬರುವ ದಿನ, ಯಾರೂ ಬರಲಾರರು. ವಾರದ ನಡುವೆ ಒಂದು ಅರ್ಧ ದಿನ, ಮುಂದಿನ ವಾರ ಇನ್ನೊಂದು ಅರ್ಧ ದಿನ ಇಟ್ಟುಕೊಳ್ಳಿ.

ಎರಡು ಕಂತು ಯಾಕೆಂದರೆ, ಮ್ಯಾಪ್‌ನಲ್ಲಿ ನಿಮ್ಮ ಜಾಗ ಕಾಣಿಸಲು ಬೇಕಾದ ಗೂಗಲ್ ಬಿಸಿನೆಸ್ ಪ್ರೊಫೈಲ್‌ಗೆ ಈಗ ಹೆಚ್ಚಾಗಿ ವಿಡಿಯೊ ಪರಿಶೀಲನೆ ಕೇಳುತ್ತಾರೆ. ಅದನ್ನು ಸಭಾಂಗಣದಲ್ಲಿ ಕೂತು ಮಾಡಲಾಗದು. ಅವರವರ ಜಾಗದಲ್ಲೇ ನಿಂತು, ನಿಲ್ಲಿಸದೆ ಒಂದೇ ಓಟದಲ್ಲಿ ಕನಿಷ್ಠ 30 ಸೆಕೆಂಡ್ ತೆಗೆಯಬೇಕು: ರಸ್ತೆ, ಅಕ್ಕಪಕ್ಕದ ಗುರುತು, ಬೋರ್ಡಿನ ಹೆಸರು, ಕೊನೆಗೆ ನೀವೇ ಬೀಗ ತೆಗೆದು ಒಳಗೆ ಹೋಗುವುದು. ಮೊದಲೇ ತೆಗೆದಿಟ್ಟ ವಿಡಿಯೊ ನಡೆಯುವುದಿಲ್ಲ. ಬೋರ್ಡ್ ಇಲ್ಲದಿದ್ದರೆ, ಅಥವಾ ಬೋರ್ಡಿನ ಹೆಸರು ಒಂದು, ಪ್ರೊಫೈಲ್‌ನ ಹೆಸರು ಇನ್ನೊಂದಾದರೆ ತಿರಸ್ಕಾರ. ಹಗ್ಗ ಕಟ್ಟಿದ ಫ್ಲೆಕ್ಸ್ ನಂಬಬೇಡಿ, ಗೋಡೆ ಮೇಲೆ ಪೇಂಟ್‌ನಲ್ಲಿ ಬರೆಸಿ. ತಪ್ಪಲಿನಲ್ಲಿ ಸಿಗ್ನಲ್ ಬಿದ್ದುಹೋಗುವ ಮೂಲೆಗಳಿದ್ದರೆ ಮೊದಲೇ ಒಮ್ಮೆ ನಡೆದು ನೋಡಿಕೊಳ್ಳಲಿ.

ನಿಜವಾದ ಕೆಲಸ ಇರುವುದು ಕಾರ್ಯಾಗಾರದ ಹಿಂದಿನ ವಾರ. ಅರ್ಧಕ್ಕರ್ಧ ಜನಕ್ಕೆ ಜಿಮೇಲ್ ಮಾಡಿಕೊಟ್ಟಿರುವುದು ಬೆಂಗಳೂರಿನಲ್ಲಿರುವ ಮಗ. ಪಾಸ್‌ವರ್ಡ್ ಯಾರಿಗೂ ಗೊತ್ತಿಲ್ಲ, ಓಟಿಪಿ ಹೋಗುವುದು ಅವನ ಫೋನಿಗೆ. ಒಬ್ಬೊಬ್ಬರಿಗೂ ಫೋನ್ ಮಾಡಿ, ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ ನೋಡಿಸಿ. ಸಭಾಂಗಣದ ಒಂದೇ ವೈಫೈನಲ್ಲಿ ಹತ್ತು ಹೊಸ ಖಾತೆ ತೆರೆಯಲು ಹೋದರೆ ಗೂಗಲ್ ತಡೆಯುವ ಸಾಧ್ಯತೆ ಇದೆ. ಫೋನಿನಲ್ಲಿ ಒಂದೆರಡು ಜಿಬಿ ಜಾಗವೂ ಖಾಲಿ ಇರಲಿ. ‘ಶುಭೋದಯ’ ಚಿತ್ರಗಳನ್ನು ಅಳಿಸಿದರೇ ಸಾಕಾದೀತು.

ಮೊದಲ ದಿನ ಪಿನ್‌ಗೆ, ಅಂದರೆ ಮ್ಯಾಪ್‌ನಲ್ಲಿ ನಿಮ್ಮ ಜಾಗ ತೋರಿಸುವ ಗುರುತಿಗೆ, ಸಮಯ ಕೊಡಿ. ವಿಳಾಸ ಟೈಪ್ ಮಾಡಿದರೆ ಪಿನ್ ಊರ ನಡುವೆ ಬೀಳುವುದೇ ಹೆಚ್ಚು. ಸ್ಯಾಟಲೈಟ್ ನೋಟಕ್ಕೆ ಬದಲಿಸಿ ಗೇಟಿನವರೆಗೆ ಎಳೆಯಬೇಕು. ತೋಟದ ಮಧ್ಯದ ಮನೆ ಮೇಲೆ ಇಟ್ಟರೆ ಮ್ಯಾಪ್ ಹಿಂದಿನ ಕಾಲುದಾರಿಗೆ ಕಾರು ನುಗ್ಗಿಸಬಹುದು. ಆಮೇಲೆ ಫೋಟೊ. ಸೂರ್ಯೋದಯದ ಚಿತ್ರ ಎಲ್ಲರ ಹತ್ತಿರವೂ ಇದೆ. ಅತಿಥಿ ಹುಡುಕುವುದು ಬಚ್ಚಲಮನೆ, ಕಾರು ತಿರುಗಿಸುವ ಜಾಗ, ರಸ್ತೆಯಿಂದ ಕಾಣುವ ಗೇಟು, ತಟ್ಟೆಯಲ್ಲಿ ಮುದ್ದೆ, ಬಸ್ಸಾರು. ಬೆಳಿಗ್ಗೆ ಹತ್ತರ ಬೆಳಕಿನಲ್ಲಿ ಫೋನ್ ಅಡ್ಡ ಹಿಡಿದು ತೆಗೆಯಲಿ.

ಎರಡನೇ ದಿನ ವಾಟ್ಸಾಪ್ ಬಿಸಿನೆಸ್, ಅಂದರೆ ವ್ಯಾಪಾರದವರಿಗೆಂದೇ ಇರುವ ವಾಟ್ಸಾಪ್ ಆ್ಯಪ್. ಹಳೇ ನಂಬರನ್ನೇ ಬದಲಿಸುವುದಾದರೆ ಮೊದಲು ಬ್ಯಾಕಪ್. ‘ಕ್ವಿಕ್ ರಿಪ್ಲೈ’ (ಸಿದ್ಧ ಉತ್ತರ) ಎಂಬಲ್ಲಿ ದರ, ಊಟ, ಮ್ಯಾಪ್ ಲಿಂಕ್ ಮೂರನ್ನು ಬರೆದಿಟ್ಟರೆ ‘/’ ಒತ್ತಿದೊಡನೆ ಸಿಗುತ್ತದೆ, ಹಾಲು ಕರೆಯುವ ಹೊತ್ತಿನಲ್ಲೂ ಉತ್ತರ ಕೊಡಬಹುದು.

ಪ್ರಶ್ನೆ: ಹೋಂಸ್ಟೇ ಹೆಸರಿನ ಜೊತೆ ‘ಅಂತರಗಂಗೆ ಹತ್ತಿರದ ಬೆಸ್ಟ್ ಹೋಂಸ್ಟೇ’ ಎಂದು ಸೇರಿಸಿದ ಮೇಲೆ ಗೂಗಲ್ ಪ್ರೊಫೈಲ್ ಅಮಾನತಾಗಿದೆ. ಹೊಸದು ಮಾಡಲೇ?
— ಓದುಗರು, ಕೋಲಾರ

ಉತ್ತರ: ಹೊಸದು ಮಾಡಿದರೆ ಒಂದೇ ಜಾಗಕ್ಕೆ ಎರಡು ಪ್ರೊಫೈಲ್ ಎಂದು ಗಂಟು ಇನ್ನಷ್ಟು ಬಿಗಿಯಾಗುತ್ತದೆ. ಬೋರ್ಡಿನಲ್ಲಿರುವಷ್ಟೇ ಹೆಸರು ಉಳಿಸಿ. ಬೋರ್ಡಿನ ಫೋಟೊ, ಕರೆಂಟ್ ಬಿಲ್, ಪರವಾನಗಿ ಸಿದ್ಧ ಮಾಡಿಕೊಂಡ ಮೇಲಷ್ಟೇ ಮೇಲ್ಮನವಿ ಹಾಕಿ. ತಪ್ಪು ಹಾಗೇ ಬಿಟ್ಟು ಹಾಕಿದರೆ ತಿರಸ್ಕಾರವಾಗುತ್ತದೆ. ಬಿಲ್‌ನಲ್ಲಿ ರಿಯಾಯಿತಿ ಕೊಟ್ಟು ರಿವ್ಯೂ ಬರೆಸುವುದೂ ನಿಯಮಕ್ಕೆ ವಿರುದ್ಧ. ಊಟ ಮುಗಿಸಿ ಕೈ ತೊಳೆಯುವ ಕಡೆ ರಿವ್ಯೂ ಪುಟ ತೆರೆಯುವ ಕ್ಯೂಆರ್ ಅಂಟಿಸಿಡಿ, ಬರೆಯುವವರು ಬರೆಯುತ್ತಾರೆ.

ಪ್ರಶ್ನೆ: ‘ಸೈನ್ಯದ ಅಧಿಕಾರಿ, ಐದು ರೂಮ್ ಬೇಕು’ ಎಂದವರು ಅಡ್ವಾನ್ಸ್ ಕಳಿಸಲು ಕ್ಯೂಆರ್ ಸ್ಕ್ಯಾನ್ ಮಾಡಿ ಎನ್ನುತ್ತಿದ್ದಾರೆ. ಮಾಡಬಹುದೇ?
— ಓದುಗರು, ದೇವರಾಯನದುರ್ಗ, ತುಮಕೂರು

ಉತ್ತರ: ಮಾಡಲೇಬೇಡಿ. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ. ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹೋಗುವುದು ನಿಮ್ಮ ಹಣ. ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.