ಕುಳಿತಾಗ 95, ಏರು ಹತ್ತಿದರೆ 82: ವ್ಯಾಯಾಮ ಮಾಡಿಸಬಹುದೇ?

ಪ್ರಶ್ನೆ: ತಂದೆಗೆ 67 ವರ್ಷ, ಸೋಮವಾರಪೇಟೆ ಹತ್ತಿರ ಕಾಫಿ ತೋಟದಲ್ಲಿ ಇದ್ದಾರೆ. ಶ್ವಾಸಕೋಶದಲ್ಲಿ ಕಲೆಗಟ್ಟುವ ಐಪಿಎಫ್ ಕಾಯಿಲೆಗೆ ಪಿರ್ಫೆನಿಡೋನ್ ಮಾತ್ರೆ ನಡೆಯುತ್ತಿದೆ. ಕುಳಿತಾಗ ಆಕ್ಸಿಜನ್ 95 ಇರುತ್ತದೆ, ತೋಟದ ಏರಿನಲ್ಲಿ 82ಕ್ಕೆ ಇಳಿಯುತ್ತದೆ. ಡಾಕ್ಟರು ವ್ಯಾಯಾಮ ಮಾಡಿಸಿ ಎಂದರು, ನೆಂಟರು ಬೇಡವೇ ಬೇಡ ಅನ್ನುತ್ತಾರೆ. ಪ್ರಾಣಾಯಾಮ ಮಾತ್ರ ಸಾಲದೇ?

ಉತ್ತರ: ವ್ಯಾಯಾಮ ಬೇಕು. ಆದರೆ ತೋಟದ ಏರು ಬೇಡ. ಇಳಿಜಾರಿನಲ್ಲಿ ಸಲೀಸಾಗಿ ಇಳಿದುಬಿಡುತ್ತಾರೆ, ಸುಸ್ತಾದ ಮೇಲೆ ಅದನ್ನೇ ಹತ್ತಿ ಮನೆ ಸೇರಬೇಕು. ಕೊಡಗಿನಲ್ಲಿ ಎಡವುವುದು ಇಲ್ಲೇ.

ಗಟ್ಟಿಯಾದ ಶ್ವಾಸಕೋಶ ವ್ಯಾಯಾಮದಿಂದ ಮೆತ್ತಗಾಗುವುದಿಲ್ಲ. ಲಾಭ ಹೆಚ್ಚಾಗಿ ಕಾಲಿನ ಸ್ನಾಯುಗಳಿಗೆ: ಪಳಗಿದ ಸ್ನಾಯು ಇದ್ದ ಆಕ್ಸಿಜನ್‌ನಲ್ಲೇ ಹೆಚ್ಚು ಕೆಲಸ ಮಾಡುತ್ತದೆ. ಮಲಗಿಯೇ ಇದ್ದರೆ ಆ ಸ್ನಾಯು ಕರಗಿ, ಬಚ್ಚಲಿಗೆ ಹೋಗಿಬರುವಷ್ಟರಲ್ಲೇ ಏದುಸಿರು ಬರುತ್ತದೆ.

ಮೊದಲು ಆರು ನಿಮಿಷದ ನಡಿಗೆ ಪರೀಕ್ಷೆ ಮಾಡಿಸಿ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದೆಯೇ ಎಂದು ತಿಳಿಯಲು ಎಕೋ (ಹೃದಯದ ಸ್ಕ್ಯಾನ್) ಕೂಡ ಆಗಲಿ. ಫಿಸಿಯೋಥೆರಪಿಸ್ಟ್ ಎದುರು ವಾರಕ್ಕೆ ಎರಡು ಸಲದಂತೆ ಎಂಟು ವಾರ ವ್ಯಾಯಾಮ ಮಾಡಿಸುವುದು ಉತ್ತಮ. ಉಳಿದ ದಿನಗಳಲ್ಲಿ ಮನೆಯಲ್ಲೇ.

ನಡೆಯಲು ಕಾಫಿ ಕಣ ಹೇಳಿ ಮಾಡಿಸಿದ ಜಾಗ, ಸಮತಟ್ಟಾಗಿರುತ್ತದೆ. ಎರಡು ನಿಮಿಷ ನಡೆದು ಒಂದು ನಿಮಿಷ ಕುರ್ಚಿಯಲ್ಲಿ ಕೂರಲಿ. ಹೀಗೆ ಐದು ಸುತ್ತು. ಆಯಾಸ ಹತ್ತರಲ್ಲಿ ಮೂರು–ನಾಲ್ಕರಷ್ಟಿರಲಿ, ಅಂದರೆ ಉಸಿರು ಜೋರಾದರೂ ಮಾತಾಡಲು ಆಗಬೇಕು. ವಾರ ಕಳೆದಂತೆ ಸುತ್ತು ಹೆಚ್ಚಿಸಿ, ವೇಗವನ್ನಲ್ಲ. ಪಿರ್ಫೆನಿಡೋನ್ ತೆಗೆದುಕೊಳ್ಳುವವರಿಗೆ ಬಿಸಿಲಿನಲ್ಲಿ ಚರ್ಮ ಬೇಗ ಸುಡಬಹುದು, ಆದ್ದರಿಂದ ಬಿಸಿಲೇರುವ ಮೊದಲೇ ಮುಗಿಸಿ. ಮಳೆಗಾಲದಲ್ಲಿ, ಹಾಗೆಯೇ ಕಣದಲ್ಲಿ ಕಾಫಿ ಹರಡಿ ದೂಳೆದ್ದಾಗ, ಜಗಲಿಯೇ ಸಾಕು. ಒಲೆಯ ಹೊಗೆ ಮಾತ್ರ ಅಲ್ಲಿಗೆ ಬರಬಾರದು.

ನಡಿಗೆಯ ಜೊತೆಗೆ ಕುರ್ಚಿಯಿಂದ ಎದ್ದು ಕೂರುವುದು ಎಂಟರಿಂದ ಹತ್ತು ಬಾರಿ. ಏಳುವಾಗ ಉಸಿರು ಬಿಡಬೇಕು, ಹಿಡಿಯಬಾರದು. ಬಹಳ ಮಂದಿ ತಿಳಿಯದೇ ಹಿಡಿಯುತ್ತಾರೆ, ಆಕ್ಸಿಜನ್ ಇಳಿಯುತ್ತದೆ.

ಆಕ್ಸಿಮೀಟರ್ ನೋಡುವುದರಲ್ಲೂ ಒಂದು ತೊಡಕಿದೆ. ಅದರ ಅಂಕಿ ಕೆಲವು ಸೆಕೆಂಡು ತಡವಾಗಿ ಬರುವುದರಿಂದ ಅತಿ ಕಡಿಮೆ ಅಂಕಿ ಕಾಣುವುದು ಹಲವು ಬಾರಿ ನಿಂತ ಮೇಲೆ. ಕೂತ ಮೇಲೂ ಒಂದು ನಿಮಿಷ ಬೆರಳಿನಲ್ಲೇ ಇರಲಿ. ಚಳಿಗೆ ತಣ್ಣಗಾದ ಬೆರಳು ತಪ್ಪು ತೋರಿಸುತ್ತದೆ, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. 88ಕ್ಕಿಂತ ಇಳಿದರೆ ನಿಲ್ಲಿಸಿ, 90 ದಾಟುವವರೆಗೆ ಕೂರಿಸಿ.

ಸಮತಟ್ಟಿನಲ್ಲಿ ನಿಧಾನವಾಗಿ ನಡೆದರೂ ಅಂಕಿ ಹೀಗೆ ಇಳಿಯುತ್ತಿದ್ದರೆ ನಡೆಯುವಾಗ ಆಕ್ಸಿಜನ್ ಬೇಕಾಗಬಹುದು. ಎಷ್ಟು ಲೀಟರ್ ಎಂಬುದನ್ನು ಡಾಕ್ಟರು ನಡೆಸಿ ನೋಡಿಯೇ ಹೇಳಬೇಕು. ಹೆಗಲಿಗೆ ಹಾಕುವ ಸಣ್ಣ ಯಂತ್ರಗಳಲ್ಲಿ ಅನೇಕವು ಉಸಿರೆಳೆದಾಗ ಮಾತ್ರ ಆಕ್ಸಿಜನ್ ಬಿಡುತ್ತವೆ. ಕುಳಿತವರಿಗೆ ಸಾಕಾಗುವ ಯಂತ್ರ ನಡೆಯುವವರಿಗೆ ಸಾಲದೇ ಹೋಗಬಹುದು. ದುಡ್ಡು ಕೊಡುವ ಮೊದಲು ಹಾಕಿಕೊಂಡು ನಡೆದು ನೋಡಲಿ.

ಪ್ರಾಣಾಯಾಮದ ಬಗ್ಗೆ: ಕಪಾಲಭಾತಿ, ಭಸ್ತ್ರಿಕಾ, ಉಸಿರು ಕಟ್ಟುವ ಕುಂಭಕ ಬೇಡ. ನಿಧಾನವಾದ ಉಸಿರಾಟ ಮನಸ್ಸಿಗೆ ಹಿತವೆನಿಸಿದರೆ ಮಾಡಲಿ, ಆದರೆ ಅದು ನಡಿಗೆಗೆ ಬದಲಿ ಅಲ್ಲ.

ಎದೆನೋವು, ತಲೆಸುತ್ತು, ತುಟಿ ನೀಲಿಗಟ್ಟುವುದು ಕಂಡರೆ ಅಲ್ಲಿಗೇ ನಿಲ್ಲಿಸಿ. ಕುಳಿತ ಮೇಲೂ ಹೋಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಕುಳಿತಾಗಿನ 95 ಕೆಲವೇ ದಿನಗಳಲ್ಲಿ 90ರ ಆಸುಪಾಸಿಗೆ ಬಂದರೆ ಅಥವಾ ಜ್ವರ, ಕೆಮ್ಮು ಹೆಚ್ಚಿದರೆ ವ್ಯಾಯಾಮ ಬಿಟ್ಟು ಅಂದೇ ಡಾಕ್ಟರನ್ನು ಕಾಣಿ.