ಹಳೇ ಫೈಬರ್ ಕಾರ್ಡಿಗೆ ಡ್ರೈವರ್ ಆಪ್ಷನ್ ಕೊಟ್ಟರೂ ಏನೂ ಬದಲಾಗುತ್ತಿಲ್ಲ, ಯಾಕೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಒಂದು ಹಳೇ ಲಿನಕ್ಸ್ ಸರ್ವರ್, ಅದರಲ್ಲಿ ಎರಡು ಗಿಗಾಬಿಟ್ ಫೈಬರ್ ಕಾರ್ಡ್. ಒಂದು ಇಂಟೆಲ್‌ನದು, ಇ1000 ಡ್ರೈವರ್‌ನಲ್ಲಿ ಓಡುತ್ತದೆ. ಇನ್ನೊಂದು ಆಲ್ಟಿಯಾನ್ ಚಿಪ್ ಇರುವ ಏಸ್‌ನಿಕ್. ಕರ್ನೆಲ್ (ಲಿನಕ್ಸ್‌ನ ತಿರುಳು) ಹೊಸದು ಹಾಕಿದ ಮೇಲೆ ಏಸ್‌ನಿಕ್ ಕೆಲಸ ಮಾಡುತ್ತಿಲ್ಲ. ಇಂಟೆಲ್ ಕಾರ್ಡಿಗೆ ಸ್ಪೀಡ್, ಡ್ಯೂಪ್ಲೆಕ್ಸ್ (ಎರಡೂ ಕಡೆ ಒಟ್ಟಿಗೆ ಕಳಿಸಬಹುದೇ, ಸರದಿ ಪ್ರಕಾರವೇ ಎಂಬುದು) ಆಪ್ಷನ್ ಬರೆದರೂ ಪರಿಣಾಮ ಇಲ್ಲ. ಸಿಸ್‌ಎಫ್‌ಎಸ್ (ಕರ್ನೆಲ್ ತನ್ನ ಸೆಟ್ಟಿಂಗ್‌ಗಳನ್ನು ತೋರಿಸುವ /ಸಿಸ್ ಫೋಲ್ಡರ್) ಒಳಗೆ ಹುಡುಕಿದರೆ ಆ ಆಪ್ಷನ್ ಹೆಸರೇ ಇಲ್ಲ. ಸರಿ ತಾನೇ?

ಒಂದು ಮಾತು. ಕಮಾಂಡ್, ಫೈಲ್ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ. ಇ1000ದ ಆಪ್ಷನ್‌ಗಳಲ್ಲಿ ದೊಡ್ಡ ಅಕ್ಷರ, ಸಣ್ಣ ಅಕ್ಷರ ಎರಡೂ ಬೆರೆತಿರುತ್ತವೆ, ಹಾಗಾಗಿ ಡ್ರೈವರ್‌ನ ಆಪ್ಷನ್‌ಗಳ ಪಟ್ಟಿ ಕೊಡುವ ಮಾಡ್‌ಇನ್ಫೊ -ಪಿ ಕಮಾಂಡ್ ತೋರಿಸುವ ಹೆಸರನ್ನು ಇದ್ದ ಹಾಗೇ ಕಾಪಿ ಮಾಡಿ. ಹೆಸರು ತಪ್ಪಿದರೂ ಈಗಿನ ಕರ್ನೆಲ್ ಮಾಡ್ಯೂಲನ್ನು (ಬೇಕಾದಾಗ ಲೋಡ್ ಆಗುವ ಡ್ರೈವರ್ ಫೈಲ್) ಲೋಡ್ ಮಾಡಿಯೇ ಬಿಡುತ್ತದೆ. ಗೊತ್ತಿಲ್ಲದ ಪ್ಯಾರಾಮೀಟರ್, ಬಿಟ್ಟಿದ್ದೇನೆ ಅಂತ ಡಿಮೆಸೆಗ್‌ನಲ್ಲಿ (ಕರ್ನೆಲ್‌ನ ಲಾಗ್ ತೋರಿಸುವ ಕಮಾಂಡ್) ಒಂದು ಸಾಲು ಬರೆದು ಸುಮ್ಮನಾಗುತ್ತದೆ.

ಮೊದಲು ಇಂಟೆಲ್ ಕಾರ್ಡ್. ಅಲ್ಲಿ ನಿಮ್ಮ ಆಪ್ಷನ್ ಕೆಲಸ ಮಾಡದೇ ಇರುವುದೇ ಸರಿ. ತಾಮ್ರದ ಕೇಬಲ್‌ನಲ್ಲಿ ಆಟೊ ನೆಗೋಶಿಯೇಷನ್ ಅಂದರೆ 10, 100, 1000 ಇವುಗಳಲ್ಲಿ ಯಾವ ವೇಗ ಅಂತ ಎರಡು ತುದಿಗಳು ಮಾತಾಡಿಕೊಳ್ಳುವುದು. ಗಿಗಾಬಿಟ್ ಫೈಬರ್‌ನಲ್ಲಿ ಆ ಮಾತೇ ಇಲ್ಲ. ವೇಗ 1000 ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಅಲ್ಲಿ ಮಾತುಕತೆ ನಡೆಯುವುದು ಡ್ಯೂಪ್ಲೆಕ್ಸ್ ಮತ್ತು ಫ್ಲೋ ಕಂಟ್ರೋಲ್ (ಸ್ವಲ್ಪ ತಡಿ ಅಂತ ಎದುರಿನವರಿಗೆ ಹೇಳುವ ವ್ಯವಸ್ಥೆ) ಬಗ್ಗೆ ಮಾತ್ರ. ಇ1000 ಡ್ರೈವರ್‌ಗೆ ಇದು ಗೊತ್ತು. ಕಾರ್ಡ್ ಫೈಬರ್‌ನದು ಅಂತ ಕಂಡ ಕೂಡಲೇ ಅದು ಬೇರೆ ಪರೀಕ್ಷೆ ನಡೆಸುತ್ತದೆ. ಸ್ಪೀಡ್ ಕೊಟ್ಟಿದ್ದರೆ, ಫೈಬರ್ ಅಡಾಪ್ಟರ್‌ಗೆ ಇದು ಸಲ್ಲದು, ಪ್ಯಾರಾಮೀಟರ್ ಬಿಟ್ಟಿದ್ದೇನೆ ಅಂತ ಲಾಗ್‌ನಲ್ಲಿ ಬರೆಯುತ್ತದೆ. ಡ್ಯೂಪ್ಲೆಕ್ಸ್‌ಗೂ ಅದೇ ಉತ್ತರ. ಡಿಮೆಸೆಗ್‌ನಲ್ಲಿ ಇ1000 ಅಂತ ಹುಡುಕಿ, ಆ ಸಾಲು ಅಲ್ಲೇ ಇರುತ್ತದೆ.

ಸಿಸ್‌ಎಫ್‌ಎಸ್ ವಿಷಯ ಇನ್ನೂ ಮಜವಾಗಿದೆ. /ಸಿಸ್/ಮಾಡ್ಯೂಲ್/ಇ1000/ಪ್ಯಾರಾಮೀಟರ್ಸ್ ಒಳಗೆ ನೋಡಿದರೆ ಕಾಪಿಬ್ರೇಕ್ ಎಂಬ ಆಪ್ಷನ್ ಒಂದೇ ಕಾಣುತ್ತದೆ ಅಲ್ವಾ? ಅದನ್ನು ನೋಡಿ ಆಪ್ಷನ್ ಹತ್ತಿಲ್ಲ ಅಂದುಕೊಳ್ಳಬೇಡಿ. ಪ್ರತಿ ಪ್ಯಾರಾಮೀಟರ್‌ಗೂ ಡ್ರೈವರ್ ಬರೆದವರು ಒಂದು ಪರ್ಮಿಶನ್ ಸಂಖ್ಯೆ ಕೊಟ್ಟಿರುತ್ತಾರೆ. ಅದು ಸೊನ್ನೆ ಆದರೆ ಸಿಸ್‌ಎಫ್‌ಎಸ್‌ನಲ್ಲಿ ಫೈಲೇ ಹುಟ್ಟುವುದಿಲ್ಲ. ಇ1000ದ ಫ್ಲೋಕಂಟ್ರೋಲ್, ಆರ್‌ಎಕ್ಸ್‌ಡಿಸ್ಕ್ರಿಪ್ಟರ್ಸ್, ಇಂಟರಪ್ಟ್‌ಥ್ರಾಟಲ್‌ರೇಟ್ ಎಲ್ಲಾ ಈ ಜಾತಿ. ಏಸ್‌ನಿಕ್‌ನ ಲಿಂಕ್ ಆಪ್ಷನ್ನೂ ಅಷ್ಟೇ. ಆಪ್ಷನ್ ಹತ್ತಿದೆಯೋ ಇಲ್ಲವೋ ತಿಳಿಯಲು ಡಿಮೆಸೆಗ್ ಮತ್ತು ಎಥ್‌ಟೂಲ್ (ನೆಟ್‌ವರ್ಕ್ ಕಾರ್ಡಿನ ಸೆಟ್ಟಿಂಗ್ ನೋಡುವ, ಬದಲಿಸುವ ಕಮಾಂಡ್) ನೋಡಬೇಕು.

ಹಾಗಾದರೆ ಇ1000ಕ್ಕೆ ಏನಾದರೂ ಆಪ್ಷನ್ ಬೇಕೇ? ನನ್ನ ಪ್ರಕಾರ ಹೆಚ್ಚಿನವರಿಗೆ ಬೇಡ. ಎದುರಿನ ಸ್ವಿಚ್‌ನಲ್ಲಿ ನೆಗೋಶಿಯೇಷನ್ ಆಫ್ ಇದ್ದರೂ ಈ ಡ್ರೈವರ್ ಸಂಭಾಳಿಸುತ್ತದೆ. ಬೆಳಕು ಬರುತ್ತಿದೆ, ಆದರೆ ಆಚೆ ಕಡೆಯವರು ನೆಗೋಶಿಯೇಷನ್ ಮಾಡುತ್ತಿಲ್ಲ ಅಂತ ಗೊತ್ತಾದರೆ ತಾನೇ ಲಿಂಕನ್ನು ಬಲವಂತವಾಗಿ ಎಬ್ಬಿಸುತ್ತದೆ. ಫ್ಲೋ ಕಂಟ್ರೋಲ್ ಬದಲಿಸಲು ಎಥ್‌ಟೂಲ್ -ಎ (ದೊಡ್ಡ ಅಕ್ಷರ), ರಿಂಗ್ (ಪ್ಯಾಕೆಟ್‌ಗಳು ಕಾಯುವ ಸಾಲು) ಗಾತ್ರಕ್ಕೆ -ಜಿ (ಇದೂ ದೊಡ್ಡದು) ಸಾಕು. ಓಡುತ್ತಿರುವಾಗಲೇ ಬದಲಾಗುತ್ತದೆ, ಮಾಡ್ಯೂಲ್ ತೆಗೆದು ಹಾಕುವ ರಗಳೆ ಇಲ್ಲ. ರಿಂಗ್‌ನಲ್ಲಿ ಒಂದು ಮಿತಿ ಇದೆ: 82542 ಮತ್ತು 82543 ಚಿಪ್‌ಗಳಲ್ಲಿ 256 ಡಿಸ್ಕ್ರಿಪ್ಟರ್‌ಗಿಂತ (ರಿಂಗ್‌ನ ಒಂದೊಂದು ಜಾಗ) ಜಾಸ್ತಿ ಹೋಗಲ್ಲ. ಅವುಗಳ ನಂತರದ ಚಿಪ್‌ಗಳಲ್ಲಿ 4096ರವರೆಗೆ ಹೋಗಬಹುದು. ಎಥ್‌ಟೂಲ್‌ನಿಂದ ಆಗುವುದನ್ನು ಮಾಡ್ಯೂಲ್ ಆಪ್ಷನ್‌ನಿಂದ ಮಾಡಲು ಹೋಗಬೇಡಿ, ಅಷ್ಟೇ.

ಈಗ ಏಸ್‌ನಿಕ್. ನಿಮ್ಮ ನಿಜವಾದ ತಲೆನೋವು ಇದೇ. ಮೊದಲು ಒಂದು ವಿಷಯ ಬಿಡಿಸಿಕೊಳ್ಳಿ: ಇಂಟರ್‌ಫೇಸೇ (ಕಾರ್ಡಿಗೆ ಲಿನಕ್ಸ್ ಕೊಡುವ ನೆಟ್‌ವರ್ಕ್ ಹೆಸರು) ಹುಟ್ಟುತ್ತಿಲ್ಲವೇ, ಅಥವಾ ಇಂಟರ್‌ಫೇಸ್ ಇದೆ, ಲಿಂಕ್ ಮಾತ್ರ ಏಳುತ್ತಿಲ್ಲವೇ? ಐಪಿ ಲಿಂಕ್ ಅಂತ ಹೊಡೆದರೆ ಗೊತ್ತಾಗುತ್ತದೆ.

ಇಂಟರ್‌ಫೇಸೇ ಇಲ್ಲ ಅಂದರೆ ನನ್ನ ಅನುಮಾನ ಫರ್ಮ್‌ವೇರ್ (ಕಾರ್ಡಿನ ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಮೇಲೆ. ಈ ಕಾರ್ಡ್ ಓಡಲು ಟಿಜಿ1.ಬಿನ್ ಅಥವಾ ಟಿಜಿ2.ಬಿನ್ ಎಂಬ ಫೈಲ್ ಬೇಕು. ಮೊದಲನೆಯದು ಆಲ್ಟಿಯಾನ್‌ನ ಹಳೇ ಟೈಗಾನ್ 1 ಚಿಪ್‌ಗೆ, ಎರಡನೆಯದು ಟೈಗಾನ್ 2ಕ್ಕೆ. ಹಿಂದೆ ಇವು ಕರ್ನೆಲ್ ಸೋರ್ಸ್ ಜೊತೆಗೇ ಬರುತ್ತಿದ್ದವು. 2017ರಲ್ಲಿ ಬಂದ 4.14ನೇ ಆವೃತ್ತಿಯಲ್ಲಿ ಫರ್ಮ್‌ವೇರ್ ಫೋಲ್ಡರನ್ನೇ ಸೋರ್ಸ್‌ನಿಂದ ತೆಗೆದರು. ಈಗ ಲಿನಕ್ಸ್-ಫರ್ಮ್‌ವೇರ್ ಸಂಗ್ರಹದಿಂದ ಬೇರೆಯಾಗಿ ಹಾಕಿಕೊಳ್ಳಬೇಕು. ಹಳೇ ಕರ್ನೆಲ್‌ನಿಂದ ಒಂದೇ ಸಲ ಹೊಸದಕ್ಕೆ ಹಾರಿದವರಿಗೆ ಕಾರ್ಡ್ ಮಾಯವಾದ ಹಾಗೆ ಕಾಣುವುದು ಇದಕ್ಕೇ. /ಲಿಬ್/ಫರ್ಮ್‌ವೇರ್/ಏಸ್‌ನಿಕ್ ಒಳಗೆ ಆ ಫೈಲ್‌ಗಳು ಇವೆಯಾ ನೋಡಿ.

ಕರ್ನೆಲನ್ನು ನೀವೇ ಕಂಪೈಲ್ ಮಾಡಿದ್ದರೆ ಕಾನ್ಫಿಗ್‌ನಲ್ಲಿ ಇನ್ನೊಂದು ಗುಂಡಿ ಇದೆ. ಏಸ್‌ನಿಕ್ ಕೆಳಗೇ 'ಟೈಗಾನ್ 1 ಬೆಂಬಲ ಬಿಡು' ಎಂಬ ಅರ್ಥದ ಆಪ್ಷನ್ ಬರುತ್ತದೆ. ಇದು ಉಲ್ಟಾ ಆಪ್ಷನ್. ಯೆಸ್ ಅಂದರೆ ಹಳೇ ಕಾರ್ಡಿನ ಬೆಂಬಲ ಹೋಯಿತು ಅಂತ ಅರ್ಥ. ಡೀಫಾಲ್ಟ್ ಆಗಿ ನೋ ಇರುತ್ತದೆ, ಹಾಗೇ ಬಿಡಿ. ಸಿಸ್‌ಕನೆಕ್ಟ್ ಕಂಪನಿಯ ಹಳೇ ಕಾರ್ಡ್‌ಗಳಿಗೂ ಇಂಥದ್ದೊಂದು ಕೊಕ್ಕೆ ಇದೆ. ಎಸ್‌ಕೆಜಿಇ ಡ್ರೈವರ್ ಆನ್ ಮಾಡಿದರಷ್ಟೇ ಸಾಲದು, ಜೆನೆಸಿಸ್ ಚಿಪ್ ಬೆಂಬಲವನ್ನು ಬೇರೆ ಟಿಕ್ ಮಾಡಬೇಕು. 100 ಮೆಗಾಬಿಟ್ ಎಫ್‌ಡಿಡಿಐ (ಹಳೇ ಬಗೆಯ ಫೈಬರ್ ರಿಂಗ್ ನೆಟ್‌ವರ್ಕ್) ಕಾರ್ಡ್ ಇರುವವರು ಮೊದಲು ಎಫ್‌ಡಿಡಿಐ ಅನ್ನುವ ಮುಖ್ಯ ಆಪ್ಷನ್ ಆನ್ ಮಾಡಿ, ಆಮೇಲೆ ಅದರೊಳಗೆ ತಮ್ಮ ಡ್ರೈವರ್ ಹುಡುಕಬೇಕು. ಅದರ ಇಂಟರ್‌ಫೇಸ್ ಹೆಸರೂ ಎಫ್‌ಡಿಡಿಐ0 ಅಂತಲೇ ಶುರುವಾಗುತ್ತದೆ.

ಇಂಟರ್‌ಫೇಸ್ ಇದೆ, ಲಿಂಕ್ ಇಲ್ಲ ಅಂದರೆ ಎದುರಿನ ಸ್ವಿಚ್ ಪೋರ್ಟ್ ನೋಡಿ. ಒಂದು ತುದಿಯಲ್ಲಿ ನೆಗೋಶಿಯೇಷನ್ ಆನ್, ಇನ್ನೊಂದರಲ್ಲಿ ಆಫ್ ಇದ್ದರೆ ವಿಚಿತ್ರ ದೃಶ್ಯ ಕಾಣುತ್ತದೆ: ಆಫ್ ಇರುವ ಕಡೆ ಲಿಂಕ್ ಅಪ್, ಆನ್ ಇರುವ ಕಡೆ ಡೌನ್. ಸ್ವಿಚ್‌ನಲ್ಲಿ ಹಸಿರು ದೀಪ ಇದೆ, ಹಾಗಾಗಿ ಕಾರ್ಡೇ ಕೆಟ್ಟಿದೆ ಅಂತ ಜನ ತೀರ್ಮಾನಿಸುವುದು ಇಲ್ಲೇ. ಸ್ವಿಚ್ ನಿಮ್ಮ ಕೈಯಲ್ಲಿದ್ದರೆ ಅಲ್ಲಿ ನೆಗೋಶಿಯೇಷನ್ ಆನ್ ಮಾಡಿ, ಕಥೆ ಮುಗಿಯಿತು. ಅದು ಆಗದಿದ್ದರೆ ಮಾತ್ರ ಡ್ರೈವರ್ ಕಡೆಯಿಂದ ಆಫ್ ಮಾಡಬೇಕು.

ಅದಕ್ಕೆ ಏಸ್‌ನಿಕ್‌ನಲ್ಲಿ ಲಿಂಕ್ ಎಂಬ ಆಪ್ಷನ್ ಇದೆ. ಬೆಲೆ ಹೆಕ್ಸ್‌ನಲ್ಲಿ (16ರ ಆಧಾರದ ಸಂಖ್ಯೆ). ಡ್ರೈವರ್ ಜೊತೆ ಬರುವ ವಿವರಣೆಯ ಪ್ರಕಾರ ಹೆಕ್ಸ್ 2 ಅಂದರೆ ವೇಗದ ನೆಗೋಶಿಯೇಷನ್ ಬೇಡ, ಹೆಕ್ಸ್ 40 ಅಂದರೆ 1000 ಮೆಗಾಬಿಟ್, ಹೆಕ್ಸ್ 100 ಅಂದರೆ ಫ್ಲೋ ಕಂಟ್ರೋಲ್ ನೆಗೋಶಿಯೇಷನ್ ಬೇಡ. ಡೀಫಾಲ್ಟ್ ಹೆಕ್ಸ್ 270. ನಿಮಗೆ ಬೇಕಾದದ್ದು 2 ಮತ್ತು 40 ಸೇರಿ ಹೆಕ್ಸ್ 42. ನೆಗೋಶಿಯೇಷನ್ ಆಫ್ ಮಾಡಿದಾಗ ಒಂದೇ ಒಂದು ವೇಗ ಕೊಡಬೇಕು ಅನ್ನುವುದನ್ನೂ ಅಲ್ಲೇ ಹೇಳಿದ್ದಾರೆ. ಈಗ ಹುಷಾರು: ಸಂಖ್ಯೆಯ ಮುಂದೆ ಸೊನ್ನೆ ಮತ್ತು ಎಕ್ಸ್ ಹಾಕಲೇಬೇಕು. ಮರೆತು ಬರೀ 42 ಬರೆದರೆ ಕರ್ನೆಲ್ ಅದನ್ನು ಮಾಮೂಲಿ ನಲವತ್ತೆರಡು ಅಂತ ಓದುತ್ತದೆ. ಅದು ಹೆಕ್ಸ್‌ನಲ್ಲಿ 2ಎ. ಬಿಟ್ ಬಿಡಿಸಿ ನೋಡಿದರೆ ನೆಗೋಶಿಯೇಷನ್ ಬೇಡ, ವೇಗ 100 ಮೆಗಾಬಿಟ್ ಅಂತಾಯಿತು. ಗಿಗಾಬಿಟ್ ಫೈಬರ್‌ನಲ್ಲಿ ಅದು ಯಾವತ್ತೂ ಏಳಲ್ಲ. ಎರಡು ಏಸ್‌ನಿಕ್ ಇದ್ದರೆ ಎರಡು ಬೆಲೆಗಳನ್ನು ಕಾಮಾ ಹಾಕಿ ಬರೆಯಿರಿ, ನಡುವೆ ಸ್ಪೇಸ್ ಬೇಡ.

ಆಪ್ಷನ್ ಎಲ್ಲಿ ಬರೆಯಬೇಕು? /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು ಫೈಲ್ ಮಾಡಿ. ಹೆಸರು ಡಾಟ್ ಕಾನ್ಫ್ ಅಂತಲೇ ಮುಗಿಯಬೇಕು. ಒಳಗೆ ಒಂದೇ ಸಾಲು: ಆಪ್ಷನ್ಸ್, ಆಮೇಲೆ ಮಾಡ್ಯೂಲ್ ಹೆಸರು, ಆಮೇಲೆ ಲಿಂಕ್ ಸಮ ಚಿಹ್ನೆ ಬೆಲೆ. ಇಷ್ಟು ಮಾಡಿಯೂ ರೀಬೂಟ್ ಆದ ಮೇಲೆ ಹತ್ತದಿದ್ದರೆ ಡ್ರೈವರ್ ಇನಿಟ್‌ರ್ಯಾಮ್‌ಎಫ್‌ಎಸ್ (ಬೂಟ್ ಶುರುವಿನಲ್ಲಿ ಬಳಸುವ ಪುಟ್ಟ ಫೈಲ್ ಕಟ್ಟು) ಒಳಗಿನಿಂದಲೇ ಲೋಡ್ ಆಗುತ್ತಿರಬಹುದು. ಅಲ್ಲಿರುವುದು ನಿಮ್ಮ ಫೈಲ್‌ನ ಹಳೇ ಕಾಪಿ, ಅಥವಾ ಕಾಪಿಯೇ ಇಲ್ಲ. ಡೆಬಿಯನ್, ಉಬುಂಟುನಲ್ಲಿ ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ -ಯು, ಫೆಡೋರಾ ಕಡೆಯವುಗಳಲ್ಲಿ ಡ್ರಾಕಟ್ -ಎಫ್ ಓಡಿಸಿ. ಡ್ರೈವರನ್ನು ಕರ್ನೆಲ್ ಒಳಗೇ ಸೇರಿಸಿ ಕಂಪೈಲ್ ಮಾಡಿದ್ದರೆ ಈ ಫೈಲ್‌ಗೆ ಬೆಲೆಯೇ ಇಲ್ಲ. ಆಗ ಬೂಟ್ ಸಾಲಿನಲ್ಲಿ ಮಾಡ್ಯೂಲ್ ಹೆಸರು, ಚುಕ್ಕಿ, ಆಪ್ಷನ್ ಹೆಸರು ಒಟ್ಟಿಗೆ ಬರೆಯಬೇಕು.

ಮಾಡ್ಯೂಲ್ ತೆಗೆದು ಮತ್ತೆ ಹಾಕುವ ಮುನ್ನ ಎಸ್‌ಎಸ್‌ಎಚ್‌ನಲ್ಲಿ ಯಾವ ಕಾರ್ಡ್ ಮೂಲಕ ಒಳಗೆ ಬಂದಿದ್ದೀರಿ ಅಂತ ನೋಡಿಕೊಳ್ಳಿ. ಅದೇ ಕಾರ್ಡ್ ಆದರೆ ಸಂಪರ್ಕ ಅಲ್ಲಿಗೇ ಕಡಿದು ಹೋಗುತ್ತದೆ.

ಇನ್ನು, ಮಾಡ್‌ಇನ್ಫೊ ಏಸ್‌ನಿಕ್ ಅಂದಾಗ ಮಾಡ್ಯೂಲೇ ಇಲ್ಲ ಎಂಬ ಉತ್ತರ ಬಂದರೆ ಆಪ್ಷನ್ ಬಗ್ಗೆ ತಲೆ ಕೆಡಿಸಿಕೊಂಡು ಪ್ರಯೋಜನವಿಲ್ಲ. ಬಳಸುವವರು ಇಲ್ಲ ಅಂತ ಹಳೇ ಡ್ರೈವರ್‌ಗಳನ್ನು ಕರ್ನೆಲ್‌ನಿಂದ ತೆಗೆಯುತ್ತಾರೆ. ಇಂಟೆಲ್‌ನ ಮೊದಲ 10 ಗಿಗಾಬಿಟ್ ಕಾರ್ಡ್‌ಗಳ ಐಎಕ್ಸ್‌ಜಿಬಿ ಡ್ರೈವರ್ 2023ರಲ್ಲಿ ಹೋಯಿತು. ಅಂಥ ಸಂದರ್ಭದಲ್ಲಿ ದೀರ್ಘಾವಧಿ ಬೆಂಬಲ ಇರುವ ಹಿಂದಿನ ಕರ್ನೆಲ್‌ನಲ್ಲೇ ಉಳಿಯುವುದು ಒಂದು ದಾರಿ, ಕಾರ್ಡ್ ಬದಲಿಸುವುದು ಇನ್ನೊಂದು. ನಾನಾದರೆ ಕಾರ್ಡ್ ಬದಲಿಸುತ್ತೇನೆ.

ಇಷ್ಟಾದರೂ ಲಿಂಕ್ ಬರದಿದ್ದರೆ ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ ಕೊಡುವ ಆ ಕಾರ್ಡಿನ ಸಾಲುಗಳು, ಡಿಮೆಸೆಗ್‌ನಲ್ಲಿ ಡ್ರೈವರ್ ಹೆಸರಿರುವ ಸಾಲುಗಳು, ಸ್ವಿಚ್ ಪೋರ್ಟ್‌ನ ಸೆಟ್ಟಿಂಗ್ ಇವಿಷ್ಟನ್ನು ಪ್ರಶ್ನೆಗೆ ಸೇರಿಸಿ. ಕಾರ್ಡ್ 850 ನ್ಯಾನೊಮೀಟರ್‌ನ ಎಸ್‌ಎಕ್ಸ್ ಬಗೆಯದಾ, 1310ರ ಎಲ್‌ಎಕ್ಸ್ ಬಗೆಯದಾ ಅನ್ನುವುದನ್ನೂ ಬರೆಯಿರಿ. ಎರಡು ತುದಿಗಳಲ್ಲಿ ಬೇರೆ ಬೇರೆ ಇದ್ದರೆ ಯಾವ ಆಪ್ಷನ್ನೂ ಕೆಲಸಕ್ಕೆ ಬರಲ್ಲ.